ಕಾಡಂಚಿನ ಕಾಟೇಜು: ಮುಂಗಡ ಕಳಿಸುವ ಮುನ್ನ

ಮೂರು ವರ್ಷದ ಹಿಂದೆ ದಸರಾ ರಜೆಗೆ ನಮ್ಮ ಮನೆಯ ಎಂಟು ಮಂದಿ ಸೇರಿ ಬೆಟ್ಟದ ಮೇಲೊಂದು ಕಾಟೇಜು ಹಿಡಿದೆವು. ಮೊಬೈಲಿಗೆ ಬಂದ ಚಿತ್ರಗಳಲ್ಲಿ ಮರದ ಹಲಗೆಯ ಗೋಡೆ, ನೆಲದಿಂದ ಸೂರಿನವರೆಗೆ ಗಾಜು, ಹೊರಗೊಂದು ಉಯ್ಯಾಲೆ, ಅದರಾಚೆ ಮಂಜು ಕವಿದ ಮರಗಳು. ‘ಹಿಂದುಗಡೆಯೇ ಕಾಡು ಸಾರ್, ನಿಮಗೆ ನವಿಲು ಕೂಗಿಯೇ ಎಚ್ಚರ ಆಗುತ್ತೆ’ ಎಂದರು ಫೋನಿನಲ್ಲಿ. ಹೋಗಿ ನೋಡಿದರೆ ಹಿಂದೆ ಇದ್ದದ್ದು ನೀಲಗಿರಿ ತೋಪು. ಬಂಗಾರಪೇಟೆಯ ಸುತ್ತಮುತ್ತ ಜೀವಮಾನವಿಡೀ ನೀಲಗಿರಿ ತೋಪು ನೋಡಿದ ನಮ್ಮ ತಾಯಿ ಒಂದು ಮಾತೂ ಆಡದೆ ಒಳಗೆ ಹೋಗಿ ಕುಳಿತರು. ಸಂಜೆ ಏಳಕ್ಕೆ ನಲ್ಲಿಯಲ್ಲಿ ನೀರು ನಿಂತಿತು. ಟ್ಯಾಂಕರು ಬೆಳಿಗ್ಗೆ ಬರುತ್ತದೆ ಎಂದರು. ಮುಂಗಡ ವಾಪಸು ಕೇಳಿದಾಗ ಸಿಕ್ಕಿದ್ದು ಬರೀ ಸಮಾಧಾನದ ಮಾತು.

ಅದಾದ ಮೇಲೆ ಐದಾರು ಸಲ ಹೋಗಿಬಂದಿದ್ದೇವೆ, ಮತ್ತೆ ಹಾಗೆ ಆಗಿಲ್ಲ. ಕಾರಣ ಒಂದೇ, ನೋಡುವ ಕ್ರಮವನ್ನು ತಿರುವುಮುರುವು ಮಾಡಿಕೊಂಡೆವು. ಮನೆಯ ಅಂದಚಂದವನ್ನು ಕೊನೆಗೆ ನೋಡುತ್ತೇವೆ. ಮೊದಲು ನೋಡುವುದು ಅದು ನಿಂತ ನೆಲ, ಅಲ್ಲಿಗೆ ಬರುವ ನೀರು, ಹೋಗುವ ದಾರಿ, ಅದನ್ನು ನೋಡಿಕೊಳ್ಳುವ ಜನ. ಕೆಜಿಎಫ್, ಬಂಗಾರಪೇಟೆ ಕಡೆಯ ಕುಟುಂಬಗಳಿಗೆ ಉಪಯೋಗವಾಗಲೆಂದು ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎತ್ತರದ ಲೆಕ್ಕ

ಚಳಿ, ಮಂಜು ಬೇಕೆಂದು ಹೊರಡುವವರು ಮೊದಲು ತಮ್ಮ ಊರಿನ ಎತ್ತರ ತಿಳಿದಿರಬೇಕು. ಕೆಜಿಎಫ್ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಸಾವಿರ ಮೀಟರ್ ಏರಿದರೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಚೆನ್ನೈ, ವೆಲ್ಲೂರಿನ ಜನ ತಮಿಳುನಾಡಿನ ಏಲಗಿರಿ ಬೆಟ್ಟಕ್ಕೆ ಬಂದು ‘ಎಷ್ಟು ತಂಪು’ ಎನ್ನುವುದು ನಿಜವೇ. ಆದರೆ ಏಲಗಿರಿಯ ಎತ್ತರ ಸುಮಾರು 1,100 ಮೀಟರ್. ನಮಗೂ ಅದಕ್ಕೂ ಇರುವ ವ್ಯತ್ಯಾಸ ಎರಡು ಡಿಗ್ರಿ ಅಷ್ಟೆ. ಏಪ್ರಿಲ್‌ನಲ್ಲಿ ರಾಬರ್ಟ್‌ಸನ್‌ಪೇಟೆಯ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಅಲ್ಲಿಗೆ ಹೋದರೆ ನಿರಾಸೆಯಾಗುತ್ತದೆ. ಮಳೆ ಮುಗಿದ ಮೇಲೆ ನವೆಂಬರಿನಿಂದ ಫೆಬ್ರುವರಿಯೊಳಗೆ ಹೋದರೆ ಬಹಳ ಚೆನ್ನ.

ಏಲಗಿರಿಗೆ ಬೇರೆ ಅನುಕೂಲಗಳಿವೆ. ಬಂಗಾರಪೇಟೆಯಿಂದ ಜೋಲಾರಪೇಟೆಗೆ ನೇರ ರೈಲು. ಕಾಮಸಮುದ್ರ, ಬಿಸನತ್ತಂ ದಾಟಿ, ಆಂಧ್ರದ ಕುಪ್ಪಂ ಹಾದು ತಮಿಳುನಾಡಿಗೆ ಇಳಿಯುವ ಈ ದಾರಿಯಲ್ಲಿ ಒಂದೇ ಪ್ರಯಾಣದಲ್ಲಿ ಮೂರು ರಾಜ್ಯ ಕಾಣುತ್ತವೆ. ಜೋಲಾರಪೇಟೆಯಿಂದ ಬಸ್ಸು, ಆಟೊ ಸಿಗುತ್ತವೆ. ಬೆಟ್ಟದ ರಸ್ತೆಗೆ 14 ಕಡಿದಾದ ತಿರುವು, ಅವಕ್ಕೆ ತಮಿಳು ಕವಿಗಳ, ಹಳೆಯ ಕಾಲದ ದಾನಿ ಅರಸರ ಹೆಸರಿಟ್ಟಿದ್ದಾರೆ. ಮೇಲೆ ಪುಂಗನೂರು ಕೆರೆ, ನಡೆದು ಹತ್ತಲು ಸ್ವಾಮಿಮಲೆ. ಕೆಜಿಎಫ್‌ನವರಿಗೆ ತಮಿಳು ಬರುವುದರಿಂದ ಮಾತಿನ ತೊಡಕೂ ಇಲ್ಲ. ವಯಸ್ಸಾದವರನ್ನು, ಪುಟ್ಟ ಮಕ್ಕಳನ್ನು ಕರೆದುಕೊಂಡು ಎರಡು ದಿನಕ್ಕೆ ಹೋಗಿಬರುವುದಾದರೆ ಇದಕ್ಕಿಂತ ಸಲೀಸಾದ ಬೆಟ್ಟ ನಮ್ಮ ಹತ್ತಿರದಲ್ಲಿಲ್ಲ. ‘ದಟ್ಟ ಕಾಡು’ ಬೇಕೆನ್ನುವವರಿಗೆ ಮಾತ್ರ ಇದು ಹಿಡಿಸುವುದಿಲ್ಲ. ಅಲ್ಲಿರುವುದು ಹಳ್ಳಿ, ಹೊಲ, ತೋಟಗಳ ನಡುವಿನ ಬೆಟ್ಟ.

ಉತ್ತರಕ್ಕೆ ಹೋದರೆ ಮದನಪಲ್ಲಿಯಾಚೆ ಹಾರ್ಸ್ಲಿ ಬೆಟ್ಟ, ಎತ್ತರ 1,265 ಮೀಟರ್. ಕೋಲಾರ, ಶ್ರೀನಿವಾಸಪುರದ ಮೇಲೆ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. 19ನೇ ಶತಮಾನದಲ್ಲಿ ಕಡಪಾ ಕಲೆಕ್ಟರ್ ಆಗಿದ್ದ ಡಬ್ಲ್ಯು.ಡಿ. ಹಾರ್ಸ್ಲಿ ಬೇಸಿಗೆಗೆಂದು ಅಲ್ಲಿ ಮನೆ ಕಟ್ಟಿಕೊಂಡಿದ್ದರಿಂದ ಆ ಹೆಸರು ಬಂತು. ಊರವರ ಹಳೆಯ ಹೆಸರು ಏನುಗು ಮಲ್ಲಮ್ಮ ಕೊಂಡ. ಆಂಧ್ರ ಪ್ರವಾಸೋದ್ಯಮ ನಿಗಮದ ಹರಿತಾ ವಸತಿ ಇಲ್ಲಿದೆ. ನಂದಿಬೆಟ್ಟ 1,478 ಮೀಟರ್, ಆದರೆ ವಾರಾಂತ್ಯದಲ್ಲಿ ಬೆಂಗಳೂರೇ ಅಲ್ಲಿಗೆ ಬಂದಿರುತ್ತದೆ.

ನಿಜವಾದ ಕಾಡಿನ ಮಗ್ಗುಲಲ್ಲಿ ಮಲಗಬೇಕೆಂದರೆ ಪಶ್ಚಿಮಕ್ಕೇ ಹೋಗಬೇಕು: ಬಿಳಿಗಿರಿರಂಗನ ಬೆಟ್ಟ, ಕೊಡಗು, ಸಕಲೇಶಪುರ, ಚಿಕ್ಕಮಗಳೂರು. ಅದಕ್ಕೆ ಎರಡು ದಿನ ಸಾಲದು. ಬಂಗಾರಪೇಟೆಯಿಂದ ಹೊರಟು ಬೆಂಗಳೂರು ದಾಟುವಷ್ಟರಲ್ಲೇ ಅರ್ಧ ದಿನ ಕಳೆದಿರುತ್ತದೆ. ಮೂರು ರಾತ್ರಿ ಇಲ್ಲದಿದ್ದರೆ ಆ ಕಡೆ ಹೊರಡಬೇಡಿ.

ಯಾರ ಮನೆ ಎಂದು ಕೇಳಿ

ಕಾಟೇಜುಗಳು ಮೂರು ಬಗೆ. ಒಂದು ಸರ್ಕಾರದ್ದು. 1980ರಲ್ಲಿ ಶುರುವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಬಿಳಿಗಿರಿರಂಗನ ಬೆಟ್ಟದ ಕೆ.ಗುಡಿ, ಕಬಿನಿ ಮೊದಲಾದ ಕಡೆ ವಸತಿ ನಡೆಸುತ್ತದೆ. ಕೆಮ್ಮಣ್ಣುಗುಂಡಿಯಲ್ಲೂ ಸರ್ಕಾರಿ ಅತಿಥಿಗೃಹಗಳಿವೆ. ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳು ಗೊತ್ತೇ ಇವೆ. ಜಂಗಲ್ ಲಾಡ್ಜಸ್ ದರ ನೋಡಿ ಹೌಹಾರುವವರು ಒಂದು ವಿಷಯ ಗಮನಿಸಬೇಕು. ಅದರಲ್ಲಿ ಸಾಮಾನ್ಯವಾಗಿ ಊಟ, ತಿಂಡಿ, ಸಫಾರಿ ಸೇರಿರುತ್ತದೆ. ಬರೀ ಕೋಣೆಯ ಬಾಡಿಗೆಯೊಂದಿಗೆ ಅದನ್ನು ಹೋಲಿಸಬಾರದು.

ಎರಡನೆಯದು ಹೋಂಸ್ಟೇ. ಮನೆಯವರು ಅಲ್ಲೇ ವಾಸವಿದ್ದು, ಕೆಲವು ಕೋಣೆಗಳನ್ನು ಅತಿಥಿಗಳಿಗೆ ಕೊಡುವುದು ಇದರ ಕ್ರಮ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿರಬೇಕು. ಮೂರನೆಯದು ಮಾಲೀಕ ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಇದ್ದು, ಒಬ್ಬ ಕಾವಲುಗಾರನ ಕೈಗೆ ಬೀಗದಕೈ ಕೊಟ್ಟು ನಡೆಸುವ ಖಾಸಗಿ ಬಂಗಲೆ. ಅತ್ಯಂತ ಚೆಲುವಾದ ಚಿತ್ರಗಳು ಬರುವುದು ಈ ಮೂರನೆಯ ಬಗೆಯಿಂದ. ತೊಂದರೆ ಬಂದಾಗ ಯಾರೂ ಸಿಗದಿರುವುದೂ ಇಲ್ಲೇ. ಹೆಂಗಸರು, ಮಕ್ಕಳು, ವಯಸ್ಸಾದವರ ಜೊತೆ ಹೋಗುವವರಿಗೆ ನನ್ನ ಸಲಹೆ, ಮನೆಯವರು ಅಲ್ಲೇ ಇರುವ ಹೋಂಸ್ಟೇ ಹಿಡಿಯಿರಿ. ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಬಂದರೆ ಗಾಜಿನ ಗೋಡೆ ಉಪಯೋಗಕ್ಕೆ ಬರುವುದಿಲ್ಲ, ಜೀಪು ತೆಗೆಯುವ ಮನುಷ್ಯ ಬೇಕು.

ಅಂದದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿಗೆ ಕಾಲಿಟ್ಟ ಮೇಲೆ ಕೆಜಿಎಫ್‌ನಲ್ಲಿ ಎದ್ದ ಬಂಗಲೆಗಳನ್ನು ನೋಡಿ ಬೆಳೆದವರು ನಾವು. ಎತ್ತರದ ಸೂರು, ನೆರಳು ಕೊಡುವ ಜಗುಲಿ, ಗಾಳಿ ಆಡುವ ಕಿಟಕಿ. ಹವಾಮಾನ ತಿಳಿದು ಕಟ್ಟಿದ ಮನೆಯ ಗುರುತು ಅದು. ಚಿತ್ರದಲ್ಲಿ ಇವುಗಳನ್ನು ಹುಡುಕಿ. ಮೂರು ಕಡೆ ಗಾಜು, ಮೇಲೆ ತಗಡು ಇರುವ ಕಾಟೇಜು ಹಗಲು ಕುಲುಮೆಯಾಗುತ್ತದೆ, ರಾತ್ರಿ ಥಂಡಿ ಹೊಡೆಯುತ್ತದೆ. ಮಳೆ ಬಂದರೆ ತಗಡಿನ ಸದ್ದಿಗೆ ನಿದ್ದೆ ಬರುವುದಿಲ್ಲ.

ಫೋನಿನಲ್ಲಿ ಏನು ಕೇಳಬೇಕು

ಇಲ್ಲಿ ಸಂಕೋಚ ಬೇಡ. ನಮ್ಮ ಮನೆಯಲ್ಲಿ ಈ ಕೆಲಸ ನನ್ನ ತಂಗಿಯದು. ಅವಳು ಮಾಲೀಕರ ಜೊತೆ ಮಾತಾಡಿದ ಮೇಲೆ ಕಾವಲು ಮನುಷ್ಯನ ನಂಬರು ತೆಗೆದುಕೊಂಡು, ‘ಅಣ್ಣ, ಈಗ ನೀವು ಎಲ್ಲಿದ್ದೀರಿ? ಸ್ವಲ್ಪ ವಿಡಿಯೊ ಕಾಲ್‌ನಲ್ಲಿ ಸುತ್ತ ತೋರಿಸ್ತೀರಾ?’ ಎಂದು ಕೇಳುತ್ತಾಳೆ. ಐದು ನಿಮಿಷದ ಆ ಕರೆ ಐವತ್ತು ಚಿತ್ರಕ್ಕಿಂತ ಹೆಚ್ಚು ಹೇಳುತ್ತದೆ. ತೋರಿಸಲು ಒಪ್ಪದಿದ್ದರೆ ಆ ಜಾಗ ಬಿಟ್ಟುಬಿಡಿ.

ನೀರು ಎಲ್ಲಿಂದ? ಕೊಳವೆಬಾವಿಯೋ, ತೊರೆಯೋ, ಟ್ಯಾಂಕರೋ? ಕುಡಿಯಲು ಏನು ಕೊಡುತ್ತಾರೆ? ಫ್ಲೋರೈಡ್ ನೀರು ಏನು ಮಾಡುತ್ತದೆಂದು ಕೋಲಾರ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಹೋಗುವುದಾದರೆ ನೀರಿನ ಪ್ರಶ್ನೆಯನ್ನು ಎರಡು ಸಲ ಕೇಳಿ, ಮಾಲೀಕರಿಗೊಮ್ಮೆ, ಕಾವಲು ಮನುಷ್ಯನಿಗೊಮ್ಮೆ. ಎರಡೂ ಉತ್ತರ ಒಂದೇ ಆಗಿರಬೇಕು.

ಕರೆಂಟು ಹೋದರೆ ಏನಿದೆ? ಯುಪಿಎಸ್ ಎಂದರೆ ಬರೀ ದೀಪಕ್ಕೋ, ಫ್ಯಾನಿಗೂ ಇದೆಯೋ? ಬಿಸಿನೀರು ಸೋಲಾರೋ, ಕಟ್ಟಿಗೆ ಹಂಡೆಯೋ, ಗ್ಯಾಸ್ ಗೀಸರೋ? ಗ್ಯಾಸ್ ಗೀಸರ್ ಎಂದರೆ ಅದು ಬಚ್ಚಲಿನ ಒಳಗಿದೆಯೋ ಹೊರಗಿದೆಯೋ ಎಂದು ಕೇಳಲೇಬೇಕು. ಕಾರಣ ಮುಂದೆ ಹೇಳುತ್ತೇನೆ.

ಕೊನೆಯ ಎರಡು ಕಿಲೋಮೀಟರ್ ದಾರಿ ಹೇಗಿದೆ? ‘ಕಾರು ಬರುತ್ತೆ’ ಎಂಬ ಉತ್ತರ ಸಾಲದು. ಯಾವ ಕಾರು, ಮಳೆ ಬಂದ ಮರುದಿನವೂ ಬರುತ್ತದೆಯೇ ಎಂದು ಕೇಳಿ. ರಕ್ಷಿತಾರಣ್ಯದೊಳಗೆ ಹಾದುಹೋಗುವ ದಾರಿಯಾದರೆ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದು ಬಹಳ ಮುಖ್ಯ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಊಟಿ, ಕೊಡೈಕೆನಾಲ್‌ಗೆ ಹೋಗುವ ಹೊರಗಿನ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬೇಕು. ಹೊಸೂರು ದಾಟಿದ ಮೇಲೆ ನೆನಪಿಸಿಕೊಂಡರೆ ರಸ್ತೆ ಬದಿಯಲ್ಲಿ ನಿಂತು ಒದ್ದಾಡಬೇಕಾಗುತ್ತದೆ.

ಹತ್ತಿರದ ಆಸ್ಪತ್ರೆ ಎಷ್ಟು ದೂರ, ಹಾವು ಕಡಿತದ ಔಷಧಿ ಅಲ್ಲಿ ಇರುತ್ತದೆಯೇ, ಯಾವ ಕಂಪನಿಯ ಸಿಮ್ಮಿಗೆ ಸಿಗ್ನಲ್ ಸಿಗುತ್ತದೆ? ಅಡುಗೆಮನೆ ನಮಗೆ ಕೊಡುತ್ತಾರೆಯೇ, ಸಿಲಿಂಡರ್ ಬೇರೆ ದುಡ್ಡೇ? ಇವನ್ನೂ ಕೇಳಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ದುಡ್ಡಿನ ವಿಷಯ

ಬಾಡಿಗೆ ತಲೆಗೆ ಇಷ್ಟು ಎಂದೋ, ಕೋಣೆಗೆ ಇಷ್ಟು ಎಂದೋ, ಇಡೀ ಕಾಟೇಜಿಗೆ ಎಂದೋ ಮೊದಲೇ ಸ್ಪಷ್ಟವಾಗಲಿ. ತೆರಿಗೆಯಲ್ಲೂ ಇದರಿಂದ ವ್ಯತ್ಯಾಸವಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದನ್ನು ಮೀರಿದರೆ ಶೇ 18. ಉದಾಹರಣೆಗೆ, 4,000 ರೂಪಾಯಿಯ ಮೂರು ಕೋಣೆ ಹಿಡಿದರೆ ತೆರಿಗೆ 600 ರೂಪಾಯಿ. ಮೂರು ಕೋಣೆಯ ಬಂಗಲೆಯನ್ನು ಒಂದೇ ಘಟಕವಾಗಿ 12,000ಕ್ಕೆ ಕೊಟ್ಟರೆ 2,160 ರೂಪಾಯಿ. ಹೇಳಿದ ದರದಲ್ಲಿ ತೆರಿಗೆ ಸೇರಿದೆಯೇ ಎಂದು ಕೇಳಿ, ಬಿಲ್ ಕೊಡುತ್ತೇವೆಂದು ಬರಹದಲ್ಲಿ ಪಡೆಯಿರಿ.

ಮುಂಗಡ ಕಳಿಸುವ ಮುನ್ನ ಒಂದು ಗಂಟೆ ತಡೆಯಿರಿ. ಹೆಸರಾದ ರೆಸಾರ್ಟುಗಳ ಹೆಸರಿನಲ್ಲೇ ನಕಲಿ ಜಾಲತಾಣ ಮಾಡಿ, ಬೇರೆ ಫೋನ್ ನಂಬರು ಹಾಕಿ ದುಡ್ಡು ಹೊಡೆಯುವವರಿದ್ದಾರೆ. ಸರ್ಕಾರಿ ವಸತಿಯನ್ನು ಆಯಾ ನಿಗಮದ ಅಧಿಕೃತ ಜಾಲತಾಣದಲ್ಲೇ ಕಾಯ್ದಿರಿಸಿ. ಖಾಸಗಿಯಾದರೆ ಯುಪಿಐನಲ್ಲಿ ಹಣ ಒತ್ತುವ ಮೊದಲು ಕಾಣುವ ಹೆಸರು ಮಾಲೀಕರ ಹೆಸರಿಗೆ ಹೊಂದುತ್ತದೆಯೇ ನೋಡಿ. ‘ಮುಂಗಡ ವಾಪಸು ಹಾಕುತ್ತೇವೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎಂದರೆ ಅದು ಮೋಸವೇ. ಹಣ ಬರಲು ಪಿನ್ ಬೇಕಾಗಿಲ್ಲ. ಮೋಸ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈತಪ್ಪುತ್ತದೆ. ಸೇವೆಯಲ್ಲಿ ಕೊರತೆಯಾದರೆ ಗ್ರಾಹಕರ ಸಹಾಯವಾಣಿ 1915.

ಆಧಾರ್ ಪ್ರತಿ ಕೇಳಿದರೆ ಮೊದಲ ಎಂಟು ಅಂಕಿ ಮುಚ್ಚಿದ ‘ಮಾಸ್ಕ್‌ಡ್ ಆಧಾರ್’ ಕೊಡಿ. ಯುಐಡಿಎಐ ಜಾಲತಾಣದಲ್ಲಿ ಅದು ಉಚಿತವಾಗಿ ಸಿಗುತ್ತದೆ.

ನಮ್ಮೂರ ಪಕ್ಕದ ಕಾಡೂ ಕಾಡೇ

ದೂರ ಹೋಗಲು ಬಿಡುವಿಲ್ಲದವರು ಕಾಮಸಮುದ್ರ, ಬೂದಿಕೋಟೆ ಕಡೆಯ ತೋಟದ ಮನೆಗಳತ್ತ ನೋಡುತ್ತಿದ್ದಾರೆ. ಅಲ್ಲಿನ ಗುಡ್ಡಕಾಡು ಒಣ ಕಾಡು, ಮಲೆನಾಡಿನ ಹಸಿರು ಅಲ್ಲಿಲ್ಲ. ಆದರೆ ಆ ಕಾಡಿನಲ್ಲಿ ಆನೆಗಳಿವೆ, ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಗಡಿಯಾಚೆ ಆಂಧ್ರದಲ್ಲಿ ಕೌಂಡಿನ್ಯ ವನ್ಯಧಾಮವಿದೆ. 1980ರ ದಶಕದಲ್ಲಿ ದಕ್ಷಿಣದ ಕಾಡುಗಳಿಂದ ಆನೆಗಳು ಆ ಕಡೆ ವಲಸೆ ಬಂದು ನೆಲೆನಿಂತ ಮೇಲೆ 1990ರಲ್ಲಿ ಅದನ್ನು ಘೋಷಿಸಿದರು. ಆನೆಗಳಿಗೆ ರಾಜ್ಯದ ಗಡಿ ಗೊತ್ತಿಲ್ಲ. ಮೂರೂ ರಾಜ್ಯಗಳ ನಡುವೆ ಅವು ಓಡಾಡುತ್ತವೆ, ರಾಗಿ ತೆನೆ ಕಟ್ಟಿದಾಗ ಹೊಲಕ್ಕೆ ಇಳಿಯುತ್ತವೆ. ಬಂಗಾರಪೇಟೆ ತಾಲ್ಲೂಕಿನ ರೈತರು ಬೆಳೆ ಕಳೆದುಕೊಂಡಿದ್ದಾರೆ, ಪ್ರಾಣವನ್ನೂ ಕಳೆದುಕೊಂಡಿದ್ದಾರೆ.

ಹಾಗಾಗಿ ಈ ಭಾಗದಲ್ಲಿ ತೋಟದ ಮನೆ ಹಿಡಿಯುವವರು ಮಾಲೀಕರನ್ನು ಬಿಟ್ಟು ಹಳ್ಳಿಯ ರೈತರೊಬ್ಬರನ್ನು ಕೇಳಿ, ‘ಈ ತಿಂಗಳು ಆನೆ ಬಂದಿದೆಯಾ ಅಣ್ಣ?’ ಬಂದಿದೆ ಎಂದರೆ ಹೋಗುವುದನ್ನು ಮುಂದೂಡಿ. ಹೋದ ಮೇಲೆ ಕತ್ತಲಾದ ನಂತರ ಒಂದು ಕೋಣೆಯಿಂದ ದೂರದ ಇನ್ನೊಂದು ಕೋಣೆಗೂ ಒಬ್ಬರೇ ನಡೆಯಬೇಡಿ. ಬಾಳೆಗೊನೆ, ಹಲಸು, ಬೆಲ್ಲ, ಉಪ್ಪು, ಅಕ್ಕಿ ಮೂಟೆಯನ್ನು ಜಗುಲಿಯಲ್ಲೋ ತೆರೆದ ಅಡುಗೆಮನೆಯಲ್ಲೋ ಇಡಬೇಡಿ. ಆನೆಗೆ ವಾಸನೆ ದೂರದಿಂದಲೇ ಸಿಗುತ್ತದೆ. ಆನೆ ಕಂಡರೆ ಟಾರ್ಚು ಹಾಯಿಸಿ ವಿಡಿಯೊ ಮಾಡಲು ನಿಲ್ಲಬೇಡಿ, ಪಟಾಕಿ ಸಿಡಿಸಬೇಡಿ. ಒಳಗೆ ಹೋಗಿ ದೀಪ ಆರಿಸಿ, ಮಾಲೀಕರಿಗೂ ಅರಣ್ಯ ಇಲಾಖೆಗೂ ಫೋನು ಮಾಡಿ. ಬೇಲಿಗೆ ವಿದ್ಯುತ್ ಹರಿಸಿದ್ದಾರೆಯೇ ಎಂದು ಹೋದ ತಕ್ಷಣ ಕೇಳಿ. ಸೋಲಾರ್ ಬೇಲಿಯ ಹೊಡೆತ ಚುರುಕಷ್ಟೆ, ಕೊಲ್ಲುವುದಿಲ್ಲ. ಮನೆಯ ಲೈನಿನಿಂದ ನೇರ ತಂತಿ ಎಳೆದಿದ್ದರೆ ಅದು ಕಾನೂನುಬಾಹಿರ, ಆನೆಯನ್ನೂ ಮನುಷ್ಯರನ್ನೂ ಕೊಲ್ಲುತ್ತದೆ. ಅಂಥ ಜಾಗದಲ್ಲಿ ಮಕ್ಕಳೊಂದಿಗೆ ಒಂದು ರಾತ್ರಿಯೂ ಇರಬಾರದು.

ಬಾಗಿಲು ತೆರೆದ ಮೊದಲ ಅರ್ಧ ಗಂಟೆ

ಸಾಮಾನು ಬಿಚ್ಚುವ ಮೊದಲು ದೊಡ್ಡವರಿಬ್ಬರು ಮನೆ ಸುತ್ತಬೇಕು. ಮೊದಲ ತಪಾಸಣೆ ಬಚ್ಚಲಿನದು. ಗ್ಯಾಸ್ ಗೀಸರ್ ಒಳಗಿದ್ದು, ಗಾಳಿ ಆಡಲು ಕಿಟಕಿ ಇಲ್ಲದಿದ್ದರೆ ಅದನ್ನು ಹಚ್ಚಲೇಬೇಡಿ. ಅನಿಲ ಸರಿಯಾಗಿ ಉರಿಯದೆ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಕೂಗಲೂ ಆಗದೆ ಕುಸಿಯುತ್ತಾರೆ. ನಮ್ಮ ರಾಜ್ಯದಲ್ಲಿ ಹೀಗೆ ಎಷ್ಟೋ ಸಾವುಗಳಾಗಿವೆ. ಚಳಿಗೆಂದು ಕೆಂಡದ ಬಾಣಲೆಯನ್ನು ಮಲಗುವ ಕೋಣೆಯೊಳಗೆ ಇಟ್ಟುಕೊಂಡರೂ ಇದೇ ಗತಿ. ಬೆಟ್ಟದ ಮೇಲೆ ಬಾಗಿಲು ಕಿಟಕಿ ಬಿಗಿಯಾಗಿ ಹಾಕಿ ಮಲಗುವುದರಿಂದ ಅಪಾಯ ಇನ್ನೂ ಹೆಚ್ಚು. ಎಷ್ಟೇ ಚಳಿಯಿರಲಿ, ಕೆಂಡ ಹೊರಗೇ ಇರಬೇಕು, ಕಂಬಳಿ ಒಳಗಿರಬೇಕು.

ಎರಡನೆಯದು ಈಜುಕೊಳ. 2024ರ ನವೆಂಬರಿನಲ್ಲಿ ಮಂಗಳೂರು ಬಳಿಯ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಆಳ ಎಲ್ಲಿ ಎಷ್ಟು ಎಂದು ಬರೆದಿದೆಯೇ, ತೇಲುವ ಟ್ಯೂಬು, ಹಗ್ಗ ಕೈಗೆಟುಕುವಲ್ಲಿ ಇದೆಯೇ, ಕಾಯುವವರು ಇದ್ದಾರೆಯೇ ನೋಡಿ. ಇಲ್ಲದಿದ್ದರೆ ಈಜು ಬಾರದವರು ಇಳಿಯಬಾರದು. ಮಕ್ಕಳ ಕೋಣೆಯ ಬಾಗಿಲು ಕೊಳದ ಕಡೆ ತೆರೆಯುವಂತಿದ್ದರೆ ಕೋಣೆ ಬದಲಿಸಿ.

ಉಳಿದವು ಚಿಕ್ಕವು: ಬಾಗಿಲ ಚಿಲಕ, ಬಾಲ್ಕನಿ ಕಟಕಟೆಯ ಬಿಗಿ, ಹಾಸಿಗೆ ಕೊಡವಿ ನೋಡುವುದು, ಬೂಟು ಒಳಗಿಡುವುದು.

ಮಲೆನಾಡಿಗೆ ಮಳೆಗಾಲದಲ್ಲಿ ಹೋಗುವವರು ಇಂಬಳಕ್ಕೆ ಸಿದ್ಧರಾಗಿ ಹೋಗಿ. ಉದ್ದ ಕಾಲುಚೀಲ, ಪುಟ್ಟ ಬಟ್ಟೆಯಲ್ಲಿ ಕಟ್ಟಿದ ಉಪ್ಪು ಸಾಕು. ಡಿಸೆಂಬರಿನಿಂದ ಮೇವರೆಗೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಹೋಗುವವರು ಮಂಗನ ಕಾಯಿಲೆಯ ಸುದ್ದಿ ಕೇಳಿಕೊಂಡು ಹೊರಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣ್ಣೆಯ ಕಡಿತದಿಂದ ಬರುತ್ತದೆ. ಮಂಗ ಸತ್ತ ಜಾಗದ ಹತ್ತಿರ ಸುಳಿಯಬಾರದು. ಚಾರಣಕ್ಕೆ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಅನುಮತಿ ಪಡೆಯಿರಿ. ಮನೆಯ ಹಿಂದಿನ ಕಾಡಿಗೆ ‘ಸುಮ್ಮನೆ ಒಂದು ಸುತ್ತು’ ಎಂದು ನುಗ್ಗುವುದು ಅಪರಾಧ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ಅನುಮತಿ ಇಲ್ಲ. ಕಾಡಂಚಿನಲ್ಲಿ ಅದಕ್ಕೂ ಮೊದಲೇ ನಿಲ್ಲಿಸಿದರೆ ಒಳ್ಳೆಯದು. ನಮ್ಮ ಮಕ್ಕಳು ಮೊದಲ ಸಲ ಕಾಡುಪಾಪದ ದನಿ ಕೇಳಿದ್ದು ಸ್ಪೀಕರ್ ಕೆಟ್ಟುಹೋದ ರಾತ್ರಿ. ಆಮೇಲೆ ನಾವು ಸ್ಪೀಕರ್ ತೆಗೆದುಕೊಂಡು ಹೋಗುವುದನ್ನೇ ಬಿಟ್ಟೆವು. ತಿಂಡಿ ಪೊಟ್ಟಣ, ನೀರಿನ ಬಾಟಲಿ, ಮಗುವಿನ ಡೈಪರ್ ಏನೇ ಇರಲಿ, ಒಂದು ಚೀಲಕ್ಕೆ ತುಂಬಿ ಊರಿಗೆ ವಾಪಸು ತನ್ನಿ. ಬೆಟ್ಟದ ಮೇಲೆ ಕಸದ ಗಾಡಿ ಬರುವುದಿಲ್ಲ, ಎಸೆದದ್ದನ್ನು ಜಿಂಕೆ, ಕಡವೆ ತಿನ್ನುತ್ತವೆ.

ಊರಿಗೆ ಬಂದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಕಾಯ್ದಿರಿಸಿದ ಜಾಲತಾಣದಲ್ಲಿ ನಾಲ್ಕು ಸಾಲು ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ನೀರು ಹೇಗಿತ್ತು, ಕೊನೆಯ ದಾರಿ ಹೇಗಿತ್ತು, ಗೀಸರ್ ಎಲ್ಲಿತ್ತು, ಫೋನು ಮಾಡಿದಾಗ ಯಾರು ಬಂದರು, ಹಿಂದೆ ಇದ್ದದ್ದು ಕಾಡೋ ನೀಲಗಿರಿ ತೋಪೋ. ಮುಂದಿನ ರಜೆಗೆ ಅದೇ ಮನೆಯ ಚಿತ್ರ ನೋಡುತ್ತಾ ಕುಳಿತ ಇನ್ನೊಂದು ಕುಟುಂಬಕ್ಕೆ ಆ ನಾಲ್ಕು ಸಾಲು ಬೇಕಾಗುತ್ತದೆ.